ರಾತ್ರಿ ಟೈಪಿಸುವವರಿಗೆ ಯಾವ ಸೈಲೆಂಟ್ ಲೀನಿಯರ್ ಸ್ವಿಚ್?

ಪ್ರಶ್ನೆ: ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಹೆಚ್ಚಿನ ಕೆಲಸ ಸಾಗುವುದು ರಾತ್ರಿ, ಮಗು ಮಲಗಿದ ಮೇಲೆ. ನನ್ನ ಮೇಜು ಮಲಗುವ ಕೋಣೆಯ ಗೋಡೆಗೆ ತಾಗಿಕೊಂಡಿದೆ. ಕಳೆದ ವರ್ಷ ಕೊಂಡ 87 ಕೀಗಳ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಕೀಗಳ ಕೆಳಗೆ, ಒತ್ತಿದಾಗಲೆಲ್ಲ ಟಿಕ್ ಎನ್ನುವ ನೀಲಿ ಸ್ವಿಚ್‌ಗಳಿವೆ. ಸ್ವಿಚ್ ಕಿತ್ತು ಬದಲಿಸಬಹುದಾದ ಹಾಟ್‌ಸ್ವಾಪ್ ಮಾದರಿ ಅದು. ಕನ್ನಡವನ್ನು 'ನುಡಿ' ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ ಟೈಪಿಸುತ್ತೇನೆ. ಕೆಂಪು ಲೀನಿಯರ್ ಹಾಕಿದರೆ ಸಾಕೆ, ಸೈಲೆಂಟ್ ಲೀನಿಯರ್ ಎಂದೇ ಕೇಳಿ ಕೊಳ್ಳಬೇಕೆ? ಈಗಿರುವುದಕ್ಕೇ ರಬ್ಬರ್ ಉಂಗುರ ಹಾಕಿ, ಎಣ್ಣೆ ಬಿಟ್ಟು ಸುಧಾರಿಸಿಕೊಳ್ಳಬಹುದೆ?

ಉತ್ತರ: ಕೆಂಪು ಲೀನಿಯರ್ ಸಾಲದು, ಸೈಲೆಂಟ್ ಲೀನಿಯರನ್ನೇ ಕೊಳ್ಳಿ. ಆದರೆ ನೀವು ಬರೆದ ವಿವರಗಳನ್ನು ನೋಡಿದರೆ, ಸ್ವಿಚ್ ಬದಲಿಸಿದ ಮೇಲೂ ನಿಮ್ಮ ಕೋಣೆಯಲ್ಲಿ ಉಳಿಯುವ ಸದ್ದಿನ ದೊಡ್ಡ ಪಾಲು ಐದೇ ಐದು ಕೀಗಳದ್ದು ಮತ್ತು ಆ ಮೇಜಿನದ್ದು ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಸ್ವಿಚ್ಚಿನ ಜೊತೆಗೆ ಅವುಗಳ ಬಗೆಗೂ ಬರೆಯುತ್ತೇನೆ.

ನೀಲಿ ಸ್ವಿಚ್ಚಿನ 'ಟಿಕ್' ಸದ್ದು ಬೇಕೆಂದೇ ಮಾಡಿದ್ದು. ಚೆರ್ರಿ ಕಂಪನಿಯ ಎಂಎಕ್ಸ್ ಬ್ಲೂ ಮತ್ತು ಅದರ ಮಾದರಿಯಲ್ಲಿ ಬಂದ ಬಹುಪಾಲು ನೀಲಿ ಸ್ವಿಚ್‌ಗಳಲ್ಲಿ ಒಳಗಿನ ಕಾಂಡವು, ಅಂದರೆ ಕೀಯೊಂದಿಗೆ ಏರಿಳಿಯುವ ಭಾಗವು, ಎರಡು ತುಂಡುಗಳದ್ದಾಗಿರುತ್ತದೆ. ಕೀ ಒತ್ತುತ್ತ ಹೋದಂತೆ ಒಂದು ಹಂತದಲ್ಲಿ ಸಡಿಲವಾದ ತುಂಡು ತಟ್ಟನೆ ಕೆಳಕ್ಕೆ ಜಿಗಿದು ಬಡಿಯುತ್ತದೆ. ಲೀನಿಯರ್ ಸ್ವಿಚ್ಚಿನಲ್ಲಿ ಈ ಎರಡನೆಯ ತುಂಡೂ ಇಲ್ಲ, ಬೆರಳಿಗೆ ತಡೆಯುವ ಉಬ್ಬೂ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಸ್ಪ್ರಿಂಗಿನ ಒತ್ತಡವೊಂದೇ ಸಮನಾಗಿ ಏರುತ್ತ ಹೋಗುತ್ತದೆ. ಹೀಗಾಗಿ ಕೆಂಪು ಲೀನಿಯರ್ ಹಾಕಿದ ದಿನ ಟಿಕ್ ನಿಂತುಹೋಗುತ್ತದೆ, ನಿಮಗೆ ಸಮಾಧಾನವೂ ಆಗುತ್ತದೆ. ಎರಡು ದಿನ ಕಳೆದ ಮೇಲೆ ಟಿಕ್ಕಿನ ಹಿಂದೆ ಅಡಗಿದ್ದ ಇನ್ನೆರಡು ಸದ್ದುಗಳು ಕೇಳತೊಡಗುತ್ತವೆ. ಕೀ ತಳ ಮುಟ್ಟಿದಾಗ ಕಾಂಡದ ಬುಡ ಸ್ವಿಚ್ಚಿನ ನೆಲಕ್ಕೆ ಬಡಿಯುವುದು ಒಂದು. ಬೆರಳು ತೆಗೆದಾಗ ಸ್ಪ್ರಿಂಗ್ ಕಾಂಡವನ್ನು ಮೇಲಕ್ಕೆ ಚಿಮ್ಮಿಸಿ, ಅದರ ಭುಜಗಳು ಸ್ವಿಚ್ಚಿನ ಮುಚ್ಚಳದ ಒಳಮೈಗೆ ತಾಗುವುದು ಇನ್ನೊಂದು. ಒಂದೊಂದು ಅಕ್ಷರಕ್ಕೂ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಎರಡು ಸಲ ಬಡಿಯುತ್ತದೆ.

ಬಣ್ಣದ ಹೆಸರುಗಳು ಇಲ್ಲಿ ಜನರನ್ನು ಚೆನ್ನಾಗಿಯೇ ದಾರಿ ತಪ್ಪಿಸಿವೆ. 1980ರ ದಶಕದಲ್ಲಿ ಚೆರ್ರಿ ಎಂಎಕ್ಸ್ ಸ್ವಿಚ್‌ಗಳು ಬಂದ ಮೇಲೆ ಕಾಂಡದ ಬಣ್ಣವನ್ನೇ ಸ್ವಿಚ್ಚಿನ ಗುಣಕ್ಕೆ ಗುರುತಾಗಿ ಬಳಸುವ ರೂಢಿ ಬೆಳೆಯಿತು: ನೀಲಿ ಎಂದರೆ ಟಿಕ್ ಎನ್ನುವುದು, ಕಂದು ಎಂದರೆ ಸಣ್ಣ ಉಬ್ಬು ಇರುವುದು, ಕೆಂಪು ಮತ್ತು ಕಪ್ಪು ಎಂದರೆ ಲೀನಿಯರ್. ಈ ಪಟ್ಟಿಯಲ್ಲಿ ಕೆಂಪಿನ ಪಕ್ಕದಲ್ಲಿ 'ಸದ್ದು ಕಡಿಮೆ' ಎಂದು ಅಂಗಡಿಯವರು ಬರೆದಿರುವುದು ನೀಲಿಗೆ ಹೋಲಿಸಿ. 'ಸೈಲೆಂಟ್ ರೆಡ್' ಎಂಬುದು ಬೇರೆಯೇ ಸ್ವಿಚ್. ಪೆಟ್ಟಿಗೆಯ ಮೇಲೆ 'ಸೈಲೆಂಟ್' ಎಂಬ ಪದವಿದೆಯೇ, ಕಾಂಡದ ಚಿತ್ರದಲ್ಲಿ ಬೇರೆ ಬಣ್ಣದ ಮೆತ್ತನೆಯ ತುಣುಕುಗಳು ಕಾಣುತ್ತವೆಯೇ ಎಂದು ನೋಡಿಯೇ ಹಣ ಕೊಡಿ.

ಆ ತುಣುಕುಗಳಲ್ಲೇ ಸೈಲೆಂಟ್ ಸ್ವಿಚ್ಚಿನ ಗುಟ್ಟಿದೆ. ಕಾಂಡದ ಎರಡೂ ಬದಿಗಳಲ್ಲಿ ಮೇಲೆ ಮತ್ತು ಕೆಳಗೆ ರಬ್ಬರಿನಂಥ ಮೆತ್ತನೆಯ ವಸ್ತುವನ್ನು ಕೂರಿಸಿರುತ್ತಾರೆ. ಇಳಿಯುವಾಗ ಕೆಳಗಿನ ಮೆತ್ತೆ ನೆಲವನ್ನು ಮುಟ್ಟುತ್ತದೆ, ಏರುವಾಗ ಮೇಲಿನ ಮೆತ್ತೆ ಮುಚ್ಚಳವನ್ನು ಮುಟ್ಟುತ್ತದೆ. ಮೆತ್ತೆಗೆ ಒಂದಿಷ್ಟು ಜಾಗ ಬೇಕಾಗುವುದರಿಂದ ಕೀ ಇಳಿಯುವ ದೂರ ಸ್ವಲ್ಪ ತಗ್ಗುತ್ತದೆ: ಚೆರ್ರಿಯ ಸಾಮಾನ್ಯ ಎಂಎಕ್ಸ್ ರೆಡ್ ಒಟ್ಟು 4.0 ಮಿ.ಮೀ. ಇಳಿದರೆ ಎಂಎಕ್ಸ್ ಸೈಲೆಂಟ್ ರೆಡ್ 3.7 ಮಿ.ಮೀ. ಇಳಿಯುತ್ತದೆ, ಅಕ್ಷರ ಮೂಡುವ ಹಂತವೂ 2.0ರಿಂದ 1.9 ಮಿ.ಮೀ.ಗೆ ಬಂದಿದೆ.

ರಬ್ಬರ್ ಉಂಗುರ ಇದರ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಕೀಕ್ಯಾಪಿನ, ಅಂದರೆ ಬೆರಳು ಮುಟ್ಟುವ ಮೇಲಿನ ಟೊಪ್ಪಿಯ, ಕೆಳಗಿನ ಕೊಳವೆಗೆ ತೊಡಿಸಿದ ಉಂಗುರವು ಕೀ ಇಳಿದಾಗ ಸ್ವಿಚ್ಚಿನ ಮುಚ್ಚಳದ ಮೇಲೆ ಕುಳಿತು ಪೆಟ್ಟನ್ನು ತಡೆಯುತ್ತದೆ, ನಿಜ. ಆದರೆ ಮೇಲೇಳುವಾಗಿನ ಪೆಟ್ಟು ಸ್ವಿಚ್ಚಿನ ಹೊಟ್ಟೆಯೊಳಗೆ ಬೀಳುವಂಥದ್ದು. ಹೊರಗಿನ ಉಂಗುರಕ್ಕೆ ಅದು ಎಟುಕುವುದಿಲ್ಲ. ನೀಲಿ ಸ್ವಿಚ್ಚಿನ ಟಿಕ್ ಕೂಡ ಎಟುಕುವುದಿಲ್ಲ. ನಿಮ್ಮ ಈಗಿನ ಕೀಬೋರ್ಡಿಗೆ ಉಂಗುರ ಹಾಕಿದರೆ ಕೀಗಳು ದಪ್ಪ ಕಂಬಳಿಯ ಮೇಲೆ ನಡೆದಂತೆ ಆಗುತ್ತವೆ, ಟಿಕ್ ಮಾತ್ರ ಹಾಗೇ ಇರುತ್ತದೆ. ಆ ಹಣವನ್ನು ಉಳಿಸಿಕೊಳ್ಳಿ.

ಮೆತ್ತೆಗೆ ತೆರಬೇಕಾದ ಬೆಲೆ ಬೆರಳಿನ ಅನುಭವದಲ್ಲಿದೆ. ಸೈಲೆಂಟ್ ಸ್ವಿಚ್ಚಿನ ತಳ ಖಚಿತವಾಗಿ ಸಿಗುವುದಿಲ್ಲ. ಕೆಲವರಿಗೆ ಅದು ನೆನೆದ ಅವಲಕ್ಕಿಯನ್ನು ಒತ್ತಿದಂತೆ ಅನ್ನಿಸುತ್ತದೆ. ಹಳೆಯ ಸೈಲೆಂಟ್ ಸ್ವಿಚ್‌ಗಳ ಮೇಲೆ ಈ ದೂರು ಹೆಚ್ಚು, ಇತ್ತೀಚಿನವುಗಳಲ್ಲಿ ಮೆತ್ತೆಯ ಆಕಾರ ಮತ್ತು ಗಡಸುತನವನ್ನು ತಿದ್ದಿ ತಳವನ್ನು ಸ್ವಲ್ಪ ಗಟ್ಟಿಯಾಗಿಸಿದ್ದಾರೆ. ಆದರೂ ಮೆತ್ತೆ ಮೆತ್ತೆಯೇ. ಟಿಕ್ ಸದ್ದಿನಿಂದ ನೇರವಾಗಿ ಇಲ್ಲಿಗೆ ಬರುವ ನಿಮಗೆ ಮೊದಲ ವಾರ 'ಅಕ್ಷರ ಬಿತ್ತೋ ಇಲ್ಲವೋ' ಎಂಬ ಅನುಮಾನ ಕಾಡುತ್ತದೆ, ಏಕೆಂದರೆ ಕಿವಿಯಿಂದಲೂ ಬೆರಳಿನಿಂದಲೂ ಬರುತ್ತಿದ್ದ ಸಾಕ್ಷಿ ಒಟ್ಟಿಗೇ ನಿಂತುಹೋಗಿರುತ್ತದೆ. ಹದಿನೈದು ದಿನ ಕಳೆಯುವ ಮೊದಲು ಸ್ವಿಚ್ ಕೆಟ್ಟದ್ದೆಂದು ತೀರ್ಮಾನಿಸಬೇಡಿ.

ಇನ್ನು ಸ್ಪ್ರಿಂಗಿನ ಭಾರ. ಆಯ್ಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ, ಅದೂ ಅಂಕಿಗಳನ್ನು ನೋಡಿಯೇ ಎಡವುತ್ತಾರೆ. ಸ್ವಿಚ್ಚಿನ ಭಾರವನ್ನು ಕೆಲವರು ಗ್ರಾಂಗಳಲ್ಲಿ, ಕೆಲವರು ಸೆಂಟಿನ್ಯೂಟನ್‌ಗಳಲ್ಲಿ ಬರೆಯುತ್ತಾರೆ. ಒಂದು ಗ್ರಾಂ ಭಾರವೆಂದರೆ ಸುಮಾರು 0.98 ಸೆಂಟಿನ್ಯೂಟನ್ ಆದ್ದರಿಂದ ಎರಡನ್ನೂ ಒಂದೇ ಎಂದುಕೊಂಡರೆ ನಷ್ಟವಿಲ್ಲ. ನಷ್ಟವಾಗುವುದು, ಆ ಅಂಕಿಯನ್ನು ಎಲ್ಲಿ ಅಳೆದರು ಎಂಬುದನ್ನು ನೋಡದಿದ್ದಾಗ. ಚೆರ್ರಿ ಮುದ್ರಿಸುವುದು ಅಕ್ಷರ ಮೂಡುವ ಹಂತದ ಭಾರವನ್ನು: ಸೈಲೆಂಟ್ ರೆಡ್‌ಗೆ 45, ಸೈಲೆಂಟ್ ಬ್ಲ್ಯಾಕ್‌ಗೆ 60. ಬೋಬಾ ಗಮ್ ಎಂಬ ಇನ್ನೊಂದು ಸೈಲೆಂಟ್ ಲೀನಿಯರ್ ಸ್ವಿಚ್ಚನ್ನು 62 ಮತ್ತು 68 ಗ್ರಾಂ ಎಂದು ಹೆಸರಿಸಿ ಮಾರುತ್ತಾರೆ. ಆದರೆ ಅದು ಕೀ ತಳ ಮುಟ್ಟುವಾಗಿನ ಭಾರ. ಲೀನಿಯರ್ ಸ್ವಿಚ್ಚಿನಲ್ಲಿ ಭಾರವು ಇಳಿದಷ್ಟೂ ಏರುವುದರಿಂದ, 60ರ ಸೈಲೆಂಟ್ ಬ್ಲ್ಯಾಕ್ ತಳ ಮುಟ್ಟುವಷ್ಟರಲ್ಲಿ 60ನ್ನು ಬಹಳ ಹಿಂದೆ ಬಿಟ್ಟಿರುತ್ತದೆ. ಕಾಗದದ ಮೇಲೆ 62 ದೊಡ್ಡದಾಗಿ ಕಂಡರೂ ಬೆರಳಿಗೆ ಹಗುರವಾಗಿರುವುದು ಅದೇ. ಎರಡು ಸ್ವಿಚ್‌ಗಳನ್ನು ಹೋಲಿಸುವಾಗ ಎರಡರದ್ದೂ ಒಂದೇ ಹಂತದ ಅಂಕಿ ಸಿಗದಿದ್ದರೆ ಹೋಲಿಸಲು ಹೋಗಲೇಬೇಡಿ.

ಎಂಎಕ್ಸ್ ಬ್ಲೂ ಮಾದರಿಯ ನೀಲಿ ಸ್ವಿಚ್ಚಿನಲ್ಲಿ ಅಕ್ಷರ ಮೂಡಿಸಲು ಸುಮಾರು 60ರ ಒತ್ತಡವನ್ನು ದಾಟಬೇಕು. ಅದಕ್ಕೆ ಒಗ್ಗಿದ ಬೆರಳುಗಳು ಕೀಗಳ ಮೇಲೆ ಭಾರ ಬಿಟ್ಟು ಕೂರುವುದನ್ನು ಕಲಿತಿರುತ್ತವೆ. ಅಂಥ ಕೈಗೆ ಒಮ್ಮೆಗೇ ತೀರ ಹಗುರವಾದ ಲೀನಿಯರ್ ಕೊಟ್ಟರೆ ಎರಡು ತೊಂದರೆಗಳಾಗುತ್ತವೆ. ಸ್ಪ್ರಿಂಗ್ ತಡೆಯದಿರುವುದರಿಂದ ಪ್ರತಿ ಕೀಯೂ ರಭಸವಾಗಿ ತಳಕ್ಕೆ ಹೋಗಿ ಬೀಳುತ್ತದೆ. ಮೆತ್ತೆ ಇದ್ದರೂ ಆ ಗುದ್ದು ಮೇಜಿಗೆ ಇಳಿಯುತ್ತದೆ. ಎರಡನೆಯದು ಕನ್ನಡ ಬರೆಯುವವರನ್ನು ಹೆಚ್ಚು ಕಾಡುವಂಥದ್ದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆಯಲ್ಲಿ ಅರ್ಧಾಕ್ಷರಕ್ಕೆ ಎಫ್ ಕೀ ಬಳಕೆಯಾಗುತ್ತದೆ. 'ಅಕ್ಕ' ಎಂದು ಬರೆಯಲು ಎರಡು ಕಕಾರಗಳ ನಡುವೆ ಅದನ್ನು ಒತ್ತುತ್ತೀರಿ. ಅದು ಎಡಗೈಯ ತೋರುಬೆರಳು ಸದಾ ವಿಶ್ರಮಿಸುವ ಜಾಗ. ಸ್ವಿಚ್ ಹಗುರವಾಗಿದ್ದು ಆ ಬೆರಳು ತಿಳಿಯದೆ ಭಾರ ಬಿಟ್ಟಿತೆಂದರೆ 'ಮನ' ಎಂಬುದು 'ಮ್ನ' ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಒಂದು ಹೆಚ್ಚಿನ ಅಕ್ಷರ ಬಿದ್ದರೆ ಅಳಿಸಿದರಾಯಿತು. ಇಲ್ಲಿ ಒಂದು ತಪ್ಪು ಒತ್ತು ಅಕ್ಕಪಕ್ಕದ ಎರಡು ಅಕ್ಷರಗಳನ್ನು ಬೆಸೆದು ಪದದ ರೂಪವನ್ನೇ ಕೆಡಿಸುತ್ತದೆ. ಹಾಗಾಗಿ ಕೈಲ್ ಬಾಕ್ಸ್ ಸೈಲೆಂಟ್ ಪಿಂಕ್, ಟಿಟಿಸಿ ಫ್ರೋಝನ್ ಸೈಲೆಂಟ್ ಮುಂತಾದ ಬಹಳ ಹಗುರವಾದ ಸ್ವಿಚ್‌ಗಳನ್ನು, ಅವು ಎಷ್ಟೇ ನಿಶ್ಶಬ್ದವಾಗಿದ್ದರೂ, ನಿಮಗೆ ನಾನು ಹೇಳಲಾರೆ.

ಈಗ ಆ ಐದು ಕೀಗಳ ವಿಷಯ. ನಿಮ್ಮ 87 ಕೀಗಳ ಕೀಬೋರ್ಡಿನಲ್ಲಿ ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್ ಮತ್ತು ಎರಡು ಶಿಫ್ಟ್‌ಗಳು ಅಗಲವಾದವು. ಅಗಲವಾದ ಕೀಯ ಒಂದು ತುದಿಯನ್ನು ಒತ್ತಿದಾಗ ಇನ್ನೊಂದು ತುದಿ ಮೇಲೇಳದಂತೆ ಅವುಗಳ ಕೆಳಗೆ ಸ್ಟೆಬಿಲೈಸರ್ ಇರುತ್ತದೆ: ಎರಡು ಪ್ಲಾಸ್ಟಿಕ್ ಗೂಡುಗಳು, ಅವನ್ನು ಸೇರಿಸುವ ಒಂದು ಬಾಗಿದ ತಂತಿ. ತಂತಿಯ ತುದಿ ಗೂಡಿನೊಳಗೆ ಸಡಿಲವಾಗಿದ್ದರೆ ಪ್ರತಿ ಸಲವೂ ಗಲಗಲ ಎನ್ನುತ್ತದೆ. ಸ್ವಿಚ್ ಎಷ್ಟು ದುಬಾರಿಯದಾದರೂ ಈ ಸದ್ದನ್ನು ಮುಟ್ಟಲಾರದು. ಇಂಗ್ಲಿಷ್ ಟೈಪಿಸುವವರಿಗೆ ಶಿಫ್ಟ್ ವಾಕ್ಯಕ್ಕೊಮ್ಮೆ ಬಂದರೆ, ನುಡಿಯ ವಿನ್ಯಾಸದಲ್ಲಿ ದೀರ್ಘಸ್ವರಕ್ಕೂ ಮಹಾಪ್ರಾಣಕ್ಕೂ ಣ, ಳಗಳಿಗೂ ಶಿಫ್ಟ್ ಬೇಕು. 'ಹಾಳಾಗು' ಎಂಬ ಪದವನ್ನೇ ನೋಡಿ: ಆರು ಒತ್ತುಗಳಲ್ಲಿ ಮೂರಕ್ಕೆ ಶಿಫ್ಟ್. ಇದರಿಂದಾಗಿ, ಉಳಿದೆಲ್ಲ ಕೀಗಳೂ ಮೌನವಾದ ಕೀಬೋರ್ಡಿನಲ್ಲಿ ಕನ್ನಡ ಬರೆಯುವಾಗ ಶಿಫ್ಟಿನ ಗಲಗಲವೊಂದೇ ಎದ್ದು ಕೇಳುತ್ತದೆ. ನಿಮಗೆ ಈ ಐದು ಕೀಗಳ ಆರೈಕೆ ಸ್ವಿಚ್ಚಿನ ಆಯ್ಕೆಯಷ್ಟೇ ಮುಖ್ಯ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆರೈಕೆ ಕಷ್ಟದ್ದಲ್ಲ. ಕೀಕ್ಯಾಪ್ ತೆಗೆದು, ಸೂಜಿಯ ತುದಿ ಮೊಂಡಾಗಿರುವ ಸಣ್ಣ ಸಿರಿಂಜಿನಿಂದ ತಂತಿ ಗೂಡನ್ನು ಸೇರುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸನ್ನು, ಅಂದರೆ ವಿದ್ಯುತ್ ಹರಿಸದ ಸಿಲಿಕೋನ್ ಗ್ರೀಸನ್ನು, ಸಾಸಿವೆ ಕಾಳಿನಷ್ಟು ಇಟ್ಟು, ಕೀಯನ್ನು ಹತ್ತಿಪ್ಪತ್ತು ಸಲ ಒತ್ತಿ. ಗಲಗಲ ನಿಲ್ಲದಿದ್ದರೆ ಇನ್ನೊಂದು ಕಾಳು. ಒಮ್ಮೆಗೇ ಹೆಚ್ಚು ತುಂಬಿದರೆ ಕೀ ಮೇಲೇಳಲು ಸೋಮಾರಿತನ ಮಾಡುತ್ತದೆ, ಅದನ್ನು ಒರೆಸಿ ತೆಗೆಯುವುದು ಹಾಕುವುದಕ್ಕಿಂತ ದೊಡ್ಡ ಕೆಲಸ. ಇಷ್ಟಾದ ಮೇಲೂ ಸದ್ದು ಉಳಿದರೆ ತಂತಿಯೇ ಸೊಟ್ಟಗಿರಬಹುದು. ಬಿಚ್ಚಿ ಗಾಜಿನ ಮೇಲಿಟ್ಟು ನೋಡಿದರೆ ಯಾವ ತುದಿ ಎತ್ತರದಲ್ಲಿದೆ ಎಂದು ತಿಳಿಯುತ್ತದೆ, ಕೈಯಿಂದಲೇ ಬಾಗಿಸಿ ಸರಿಮಾಡಬಹುದು. ಸ್ಪೇಸ್‌ಬಾರ್ ಒಳಗೆ ಪೊಳ್ಳಾಗಿರುವುದರಿಂದ ಅದು ಪುಟ್ಟ ಡೋಲಿನಂತೆ ಮೊಳಗುತ್ತದೆ. ಒಳಮೈಗೆ ತೆಳುವಾದ ಫೋಮ್ ಪಟ್ಟಿ ಅಂಟಿಸಿದರೆ ಅದೂ ತಗ್ಗುತ್ತದೆ.

ಎಣ್ಣೆಯ ಪ್ರಶ್ನೆಗೆ ಇಲ್ಲೇ ಉತ್ತರಿಸಿಬಿಡುತ್ತೇನೆ. ಹೊಸ ಸೈಲೆಂಟ್ ಲೀನಿಯರ್ ಸ್ವಿಚ್‌ಗಳಲ್ಲಿ ಬಹಳಷ್ಟು ಕಾರ್ಖಾನೆಯಲ್ಲೇ ಲ್ಯೂಬ್ ಆಗಿ, ಅಂದರೆ ಜಾರಲು ಗ್ರೀಸ್ ಅಥವಾ ಎಣ್ಣೆ ಸವರಿಸಿಕೊಂಡೇ, ಬರುತ್ತವೆ, ಅವುಗಳನ್ನು ಬಿಚ್ಚುವ ಅಗತ್ಯವಿಲ್ಲ. ಒರಟಾಗಿ ಉಜ್ಜುವಂತಿದ್ದರೆ ಅಥವಾ ಸ್ಪ್ರಿಂಗ್ ಕಿಣಿಕಿಣಿ ಎಂದರೆ ಮಾತ್ರ ಕ್ರೈಟಾಕ್ಸ್ 205ಜಿ0 ಗ್ರೀಸನ್ನು ಸಣ್ಣ ಕುಂಚದಿಂದ ಕಾಂಡ ಜಾರುವ ಹಳಿಗಳಿಗೆ ತೆಳುವಾಗಿ ಸವರಬಹುದು, ಸ್ಪ್ರಿಂಗಿನ ತುದಿಗಳಿಗೂ ಚೂರು ಮುಟ್ಟಿಸಬಹುದು. ಮೆತ್ತೆಯ ಮೇಲೆ ಮೆತ್ತಬೇಡಿ, ಅಂಟಿಕೊಂಡು ಪಿಚಪಿಚ ಎನ್ನಲು ಶುರುವಾಗುತ್ತದೆ. ಮನೆಯಲ್ಲಿರುವ ಎಣ್ಣೆ ಯಾವುದೂ ಬೇಡ. ಹೊಲಿಗೆ ಯಂತ್ರದ ಎಣ್ಣೆ ತೆಳು, ಸ್ವಿಚ್ಚಿನಲ್ಲಿ ನಿಲ್ಲದೆ ಎಲ್ಲೆಡೆ ಹರಡುತ್ತದೆ; ಪೆಟ್ರೋಲಿಯಂ ಮೂಲದ ಎಣ್ಣೆಗಳು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತವೆ, ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ತರುತ್ತವೆ. ಕೊಬ್ಬರಿ ಎಣ್ಣೆ ಹಾಕಬಹುದೇ ಎಂದು ಒಬ್ಬರು ನನ್ನನ್ನು ನಿಜವಾಗಿಯೂ ಕೇಳಿದ್ದರು. ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವ ಎಣ್ಣೆಯನ್ನು ಸ್ವಿಚ್ಚಿಗೆ ಬಿಟ್ಟರೆ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಕೀಬೋರ್ಡನ್ನು ಬಿಸಿಲಿಗಿಟ್ಟು ಕೆಲಸ ಶುರುಮಾಡಬೇಕಾದೀತು.

ಮೇಜಿನ ವಿಷಯಕ್ಕೆ ಬರುತ್ತೇನೆ. ಟೈಪಿಸುವ ನೀವು ಕೇಳುವ ಸದ್ದು ಬೇರೆ, ಗೋಡೆಯಾಚೆ ಮಲಗಿರುವ ಮಗುವಿಗೆ ತಲುಪುವ ಸದ್ದು ಬೇರೆ. ಟಿಕ್‌ನಂಥ ಚೂಪಾದ ಸದ್ದುಗಳನ್ನು ಮುಚ್ಚಿದ ಬಾಗಿಲು ಸಾಕಷ್ಟು ತಡೆಯುತ್ತದೆ. ತಳ ಮುಟ್ಟುವ ಗುದ್ದಿನ ಮಂದ್ರ ಸದ್ದು ಮೇಜಿನ ಹಲಗೆಗೆ ಇಳಿದು, ಹಲಗೆಯಿಂದ ಗೋಡೆಗೆ ದಾಟಿ, ಆ ಕಡೆ ಮೂಡುತ್ತದೆ. ಸ್ವಿಚ್ ಕೊಳ್ಳುವ ಮೊದಲೇ ಒಂದು ರಾತ್ರಿ ಹೀಗೆ ಪರೀಕ್ಷಿಸಿ ನೋಡಿ: ಮನೆಯವರು ಯಾರಾದರೂ ಮಲಗುವ ಕೋಣೆಯಲ್ಲಿ ನಿಂತು ಕೇಳಲಿ, ನೀವು ಮೊದಲು ಎಂದಿನಂತೆ ಟೈಪಿಸಿ, ಆಮೇಲೆ ಕೀಬೋರ್ಡಿನ ಕೆಳಗೆ ದಪ್ಪ ಟವೆಲನ್ನು ಮಡಿಸಿ ಹಾಸಿ ಟೈಪಿಸಿ, ಕೊನೆಗೆ ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಟೈಪಿಸಿ. ಮೂರರಲ್ಲಿ ಯಾವುದು ಎಷ್ಟು ವ್ಯತ್ಯಾಸ ಮಾಡಿತು ಎಂದು ಅವರೇ ಹೇಳುತ್ತಾರೆ. ಮೇಜನ್ನು ಎಳೆದಿದ್ದೇ ಹೆಚ್ಚು ಉಪಕಾರ ಮಾಡಿದ ಮನೆಗಳನ್ನು ನಾನು ಕಂಡಿದ್ದೇನೆ, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಟವೆಲ್ ಉಪಕಾರ ಮಾಡಿದ್ದರೆ ದಪ್ಪನೆಯ ಡೆಸ್ಕ್ ಮ್ಯಾಟ್ ಕೊಳ್ಳಿ.

ಸ್ವಿಚ್‌ಗಳ ಸದ್ದನ್ನು ಹೋಲಿಸಿ ತೋರಿಸುವ ವೀಡಿಯೊಗಳನ್ನು ನಂಬಿ ತೀರ್ಮಾನಿಸಬೇಡಿ. ಮೈಕನ್ನು ಕೀಗಳ ಪಕ್ಕದಲ್ಲೇ ಇಟ್ಟು, ಧ್ವನಿಯ ಮಟ್ಟವನ್ನು ಕೇಳಿಸುವಷ್ಟಕ್ಕೆ ಏರಿಸಿ ಮಾಡಿದ ಧ್ವನಿಮುದ್ರಣದಲ್ಲಿ ನಿಶ್ಶಬ್ದವಾದ ಸ್ವಿಚ್ ಕೂಡ ಮಳೆ ಹೊಯ್ದಂತೆ ಕೇಳುತ್ತದೆ. ಒಂದೇ ಸ್ವಿಚ್ ಬೇರೆ ಕೀಬೋರ್ಡಿನಲ್ಲಿ ಬೇರೆಯಾಗಿ ಕೇಳುತ್ತದೆ ಎಂಬುದು ಇನ್ನೊಂದು ತೊಡಕು.

ಹಾಗಾದರೆ ಯಾವುದನ್ನು ಕೊಳ್ಳುವುದು? ನಿಮ್ಮ ಕೈಗೆ ನನ್ನ ಮೊದಲ ಸಲಹೆ 62 ಗ್ರಾಂನ ಬೋಬಾ ಗಮ್. ಅದರ ತಳ ಮೆತ್ತೆಯಿದ್ದೂ ತೀರ ಪಿಚಕಲಲ್ಲ, ಕಾಂಡದ ಅಲುಗಾಟ ಕಡಿಮೆ, ಭಾರ ನಡುವಿನದು. ಖರ್ಚು ಕಡಿಮೆಯಾಗಬೇಕಿದ್ದರೆ ಔಟೆಮು ಸೈಲೆಂಟ್ ಪೀಚ್ ನೋಡಿ. ಬೆಲೆಗೆ ಹೋಲಿಸಿದರೆ ಅದರ ಮೌನ ಆಶ್ಚರ್ಯ ಹುಟ್ಟಿಸುವಂಥದ್ದು, ತಳ ಮಾತ್ರ ಸ್ವಲ್ಪ ಹೆಚ್ಚು ಮೆದು. ಈ ಸ್ವಿಚ್‌ನ ಹೊಸ ಆವೃತ್ತಿಗಳು ಬಂದಿರುವುದರಿಂದ ಯಾವುದನ್ನು ಕಳಿಸುತ್ತೀರಿ ಎಂದು ಮಾರುವವರನ್ನು ಕೇಳಿಕೊಳ್ಳಿ. ಗ್ಯಾಟೆರಾನ್ ಕಂಪನಿಯ ಸೈಲೆಂಟ್ ಸ್ವಿಚ್‌ಗಳೂ ನಂಬಬಹುದಾದವು. ಚೆರ್ರಿಯ ಸೈಲೆಂಟ್ ರೆಡ್ ಬಾಳಿಕೆಯಲ್ಲಿ ಹೆಸರು ಮಾಡಿದ್ದರೂ ಜಾರುವಾಗಿನ ಒರಟು ನನ್ನ ಬೆರಳಿಗೆ ಹಿಡಿಸಿಲ್ಲ, ಇದು ನನ್ನ ರುಚಿಯ ಮಾತು. ಜಪಾನಿನ ಟೊಪ್ರೆ ಕೀಬೋರ್ಡುಗಳ ಹೆಸರನ್ನೂ ಯಾರಾದರೂ ನಿಮಗೆ ಹೇಳಬಹುದು. ಅವು ಒಳ್ಳೆಯವೇ, ಆದರೆ ಲೀನಿಯರ್ ಅಲ್ಲ, ರಬ್ಬರ್ ಗುಮ್ಮಟದ ಮೇಲೆ ಕೆಲಸ ಮಾಡುವ ಬೇರೆಯೇ ತಂತ್ರದವು, ಅವುಗಳ ಸ್ವಿಚ್ ನಿಮ್ಮ ಕೀಬೋರ್ಡಿಗೆ ಕೂರುವುದಿಲ್ಲ.

ಒಮ್ಮೆಗೇ 87 ಕೊಳ್ಳಬೇಡಿ. ಸ್ವಿಚ್‌ಗಳನ್ನು ಹತ್ತರ ಲೆಕ್ಕದಲ್ಲಿ ಮಾರುವುದು ವಾಡಿಕೆ. ಎರಡು ಬಗೆಯವನ್ನು ಹತ್ತು ಹತ್ತು ತರಿಸಿ, ಒಂದನ್ನು ಎಡಗೈಯ ನಡುಸಾಲಿಗೂ ಎಡ ಶಿಫ್ಟಿಗೂ, ಇನ್ನೊಂದನ್ನು ಬಲಗೈಯ ನಡುಸಾಲಿಗೂ ಸ್ಪೇಸಿಗೂ ಹಾಕಿ, ಹದಿನೈದು ದಿನ ನಿಜವಾದ ಅನುವಾದವನ್ನೇ ಮಾಡಿ. ಒಂದೊಂದೇ ಸ್ವಿಚ್ಚನ್ನು ಕೈಯಲ್ಲಿ ಹಿಡಿದು ಒತ್ತಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಮೂರನೆಯ ಪುಟದ ಹೊತ್ತಿಗೆ ಕಿರುಬೆರಳು ಏನು ಹೇಳುತ್ತದೆ ಎಂಬುದೇ ಲೆಕ್ಕ.

ಹಣ ಕೊಡುವ ಮೊದಲು ಕೀಬೋರ್ಡಿನ ಕಡೆಯಿಂದ ನೋಡಬೇಕಾದ ಕೆಲವು ಸಂಗತಿಗಳಿವೆ. ಕೆಲವು ಅಗ್ಗದ ಹಾಟ್‌ಸ್ವಾಪ್ ಕೀಬೋರ್ಡುಗಳ ಸಾಕೆಟ್ ಔಟೆಮು ಸ್ವಿಚ್‌ಗಳ ತೆಳುವಾದ ಪಿನ್ನಿಗಷ್ಟೇ ಹೊಂದುವಂತಿರುತ್ತದೆ. ಬೇರೆ ಸ್ವಿಚ್ಚನ್ನು ಬಲವಂತದಿಂದ ತುರುಕಿದರೆ ಪಿನ್ ಮಡಚುತ್ತದೆ. ಸ್ವಿಚ್ಚಿಗೆ ಐದು ಕಾಲುಗಳಿದ್ದು ಕೀಬೋರ್ಡಿನಲ್ಲಿ ಮೂರಕ್ಕೇ ತೂತುಗಳಿದ್ದರೆ ಬದಿಯ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿಕೊಳ್ಳಬಹುದು, ಲೋಹದ ಎರಡನ್ನು ಮುಟ್ಟಬಾರದು. ಅಯಸ್ಕಾಂತದಿಂದ ಕೆಲಸ ಮಾಡುವ ಕೀಬೋರ್ಡುಗಳಿಗೂ ತೆಳು ಮಾದರಿಯ ಲೋ ಪ್ರೊಫೈಲ್ ಕೀಬೋರ್ಡುಗಳಿಗೂ ಈ ಯಾವ ಸ್ವಿಚ್ಚೂ ಆಗದು. ನಿಮ್ಮದು ಹಾಟ್‌ಸ್ವಾಪ್ ಆಗಿರದಿದ್ದರೆ 87 ಸ್ವಿಚ್‌ಗಳಿಗೆ 174 ಬೆಸುಗೆಗಳನ್ನು ಬಿಚ್ಚಿ ಮತ್ತೆ ಹಾಕಬೇಕಾಗುತ್ತಿತ್ತು, ಆಗ ಹೊಸ ಕೀಬೋರ್ಡನ್ನೇ ಕೊಳ್ಳಿ ಎನ್ನುತ್ತಿದ್ದೆ.

ಬದಲಿಸುವಾಗ ಮೊದಲು ಕೀಬೋರ್ಡಿನ ತಂತಿಯನ್ನು ಕಂಪ್ಯೂಟರಿನಿಂದ ಬಿಡಿಸಿ. ಕೀಳುವ ಚಿಮಟಿಗೆಯಿಂದ ಸ್ವಿಚ್ಚಿನ ಮೇಲಿನ ಮತ್ತು ಕೆಳಗಿನ ಕೊಂಡಿಗಳನ್ನು ಒತ್ತಿ ನೇರವಾಗಿ ಮೇಲಕ್ಕೆ ಎಳೆಯಿರಿ, ಅಲುಗಿಸುತ್ತ ಬದಿಗೆ ವಾಲಿಸಬೇಡಿ. ಹೊಸದನ್ನು ಕೂರಿಸುವ ಮುನ್ನ ಎರಡೂ ಲೋಹದ ಪಿನ್‌ಗಳು ನೆಟ್ಟಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಒತ್ತುವಾಗ ಕೀಬೋರ್ಡಿನ ಹಿಂಬದಿ ಬಿಚ್ಚಿದ್ದರೆ ಆ ಸಾಕೆಟ್ಟಿಗೆ ಬೆರಳಿನ ಆಸರೆ ಕೊಡಿ, ಬಿಚ್ಚಿರದಿದ್ದರೆ ಸಮತಟ್ಟಾದ ಗಟ್ಟಿ ಜಾಗದಲ್ಲಿಟ್ಟು ನಿಧಾನವಾಗಿ ಒತ್ತಿ. ಹಾಕಿದ ಮೇಲೆ ಯಾವುದಾದರೂ ಕೀ ಅಕ್ಷರ ಮೂಡಿಸದಿದ್ದರೆ ಹೆಚ್ಚಾಗಿ ಅದು ಮಡಚಿದ ಪಿನ್. ಸ್ವಿಚ್ಚನ್ನು ಕಿತ್ತು, ಚಿಕ್ಕ ಇಕ್ಕಳದಿಂದ ನೆಟ್ಟಗೆ ಮಾಡಿ ಮತ್ತೆ ಕೂರಿಸಿ. ಕಿತ್ತ ನೀಲಿ ಸ್ವಿಚ್‌ಗಳನ್ನು ಎಸೆಯಬೇಡಿ, ಹಗಲು ಟೈಪಿಸುವ ಯಾರಿಗಾದರೂ ಬೇಕಾಗುತ್ತವೆ.